ಮನೆಯ ವಿಷಯ ಅಂದಮೇಲೆ
1948ರ ಸೆಪ್ಟೆಂಬರ್‌ನಲ್ಲಿ ಸೊಲ್ಲಾಪುರದಿಂದ ಹೊರಟ ಭಾರತೀಯ ಸೇನೆ ಹೈದರಾಬಾದ್ ಕಡೆ ನುಗ್ಗಿದ್ದು ರಾಜೇಶ್ವರ, ಹುಮನಾಬಾದ್ ದಾರಿಯಲ್ಲೇ. ಟ್ಯಾಂಕ್ ಇತ್ತು, ವಿಮಾನ ಇತ್ತು. ಹೆಸರು ಮಾತ್ರ ಪೊಲೀಸ್ ಕಾರ್ಯಾಚರಣೆ! ಯಾಕೆ? ಯುದ್ಧ ಅಂದ್ರೆ ಹೈದರಾಬಾದ್ ಬೇರೆ ದೇಶ ಅಂತ ಒಪ್ಪಿದ ಹಾಗಾಗುತ್ತೆ. ನಿಜಾಮರು ಆಗಲೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಟ್ಟಿದ್ದರು. ಇದು ನಮ್ಮ ಮನೆಯ ವಿಷಯ ಅಂತ ದೆಹಲಿ ವಾದಿಸಿತು.

ಅದೇ ವರ್ಷ ಮೇ ತಿಂಗಳಲ್ಲಿ ಬಸವಕಲ್ಯಾಣದ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡ ನೆನೆದರೆ, ಸೇನೆ ಬಂದಿದ್ದು ಸರಿ ಅಂತ ನಾನೂ ಹೇಳ್ತೀನಿ. ಆದರೆ ಮನೆಯ ವಿಷಯ ಅಂದಮೇಲೆ ಮನೆಯವರಿಗೆ ಲೆಕ್ಕ ಕೊಡಬೇಕಲ್ಲ? ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ತಿಳಿಯಲು ನೆಹರೂ ಕಳಿಸಿದ ಸುಂದರಲಾಲ್ ಸಮಿತಿ, ಸತ್ತವರು 27,000ದಿಂದ 40,000 ಅಂತ ಅಂದಾಜಿಸಿತು. ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬೀದರ್ ಒಂದು. ಆ ವರದಿಯನ್ನು ಸರ್ಕಾರ ದಶಕಗಳ ಕಾಲ ಪ್ರಕಟಿಸಲೇ ಇಲ್ಲ.