ಹಗಲು ಕೇಂದ್ರ, ರಾತ್ರಿ ನಮ್ಮನೆ

ವಯಸ್ಸಾದವರಿಗೆ ಆರೈಕೆ ಬೇಕು ಅಂದರೆ ಒಂದೋ ಮನೆಯ ಮೂಲೆ, ಇಲ್ಲವೇ ವೃದ್ಧಾಶ್ರಮ. ಮೂರನೇ ದಾರಿಯೂ ಇದೆ, ಗೊತ್ತಾ?

1970ರ ದಶಕ, ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನ್. ಹಿರಿಯರನ್ನು ದೂರದ ಆರೈಕೆ ಗೃಹಕ್ಕೆ ಕಳಿಸೋಕೆ ಮನೆಯವರಿಗೆ ಮನಸ್ಸಿಲ್ಲ. ದಂತವೈದ್ಯ ವಿಲಿಯಂ ಗೀ, ಸಮಾಜ ಕಾರ್ಯಕರ್ತೆ ಮರೀ ಲೂಯಿಸ್ ಆನ್ಸಾಕ್ ಮತ್ತಿತರರು ಸೇರಿ ‘ಆನ್ ಲಾಕ್’ ಸಂಸ್ಥೆ ಕಟ್ಟಿದರು. 1973ರಲ್ಲಿ ಅದರ ಹಗಲು ಆರೈಕೆ ಕೇಂದ್ರ ಶುರುವಾಯಿತು.

ಬೆಳಗ್ಗೆ ವ್ಯಾನ್ ಬರುತ್ತೆ. ಕೇಂದ್ರದಲ್ಲಿ ಬಿಪಿ ನೋಡ್ತಾರೆ, ಫಿಸಿಯೋಥೆರಪಿ ಮಾಡಿಸ್ತಾರೆ. ದಿನಾ ನೋಡುವ ನರ್ಸ್‌ಗೆ ನಡಿಗೆ ತುಸು ತೂರಾಡಿದರೂ, ತಟ್ಟೆಯಲ್ಲಿ ಅನ್ನ ಉಳಿದರೂ ತಿಳಿಯುತ್ತೆ. ಬಿದ್ದು ಆಸ್ಪತ್ರೆ ಸೇರುವ ಮೊದಲೇ ಡಾಕ್ಟರ್ ಕಿವಿಗೆ ಸುದ್ದಿ. ಆದರೆ ನನಗೆ ಇದಕ್ಕಿಂತ ದೊಡ್ಡ ಔಷಧಿ ಅನ್ನಿಸೋದು ಜೊತೆ ಕೂತು ಉಣ್ಣೋದು. ಒಬ್ಬರೇ ಇದ್ದರೆ ಹಸಿವೂ ಸಾಯುತ್ತೆ. ಪಕ್ಕದಲ್ಲಿ ತಮ್ಮ ಭಾಷೆ ಆಡುವವರಿದ್ದರೆ ತುತ್ತು ಇಳಿಯುತ್ತೆ, ತಲೆ ಬಾಚಿ ಒಳ್ಳೆ ಬಟ್ಟೆ ಹಾಕಿ ಹೊರಡೋಕೆ ಕಾರಣ ಸಿಗುತ್ತೆ. ಸಂಜೆ ಮತ್ತೆ ತಮ್ಮದೇ ಮನೆ, ತಮ್ಮದೇ ಹಾಸಿಗೆ. ಮಗಳೂ ನೆಮ್ಮದಿಯಿಂದ ಕೆಲಸಕ್ಕೆ ಹೋಗಿಬರಬಹುದು.

ಇದೇ ಮಾದರಿಗೆ ಮುಂದೆ ‘ಪೇಸ್’ ಅಂತ ಹೆಸರಾಯಿತು. 1997ರ ಅಮೆರಿಕದ ಕಾನೂನು ಅದನ್ನು ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ನ ಕಾಯಂ ಭಾಗ ಮಾಡಿತು. 55 ತುಂಬಿದ, ಆರೈಕೆ ಗೃಹಕ್ಕೆ ಸೇರಬೇಕಾದಷ್ಟು ಅಶಕ್ತರಾದವರು ತಮ್ಮ ಊರಲ್ಲಿ ಪೇಸ್ ಇದ್ದರೆ ಸೇರಬಹುದು.