ಹೆಸರಿಲ್ಲದ ಹೆಣಗಳು: ಠಗ್ಗರ ಕೊಲೆಗಳು ಮತ್ತು ಸಾಕ್ಷ್ಯದ ಪ್ರಶ್ನೆ

ಹದಿನೆಂಟನೆಯ ಶತಮಾನದ ಕೊನೆಯ ಭಾಗದಿಂದ 1830ರ ದಶಕದವರೆಗೆ ಉತ್ತರದ ಗಂಗಾ ಬಯಲಿನಿಂದ ದಕ್ಷಿಣದ ಆರ್ಕಾಟಿನವರೆಗೂ ಹರಡಿದ್ದ ದಾರಿಗಳಲ್ಲಿ ನಡೆದ ಠಗ್ಗರ ಕೊಲೆಗಳು ಭಾರತದ ಅಪರಾಧ ಚರಿತ್ರೆಯಲ್ಲಿ ಅತ್ಯಂತ ಹೆಚ್ಚು ಪ್ರಚಾರ ಪಡೆದವುಗಳಾದರೂ, ಆ ಕೊಲೆಗಳಲ್ಲಿ ಸತ್ತವರು ಯಾರು ಎಂಬ ಮೊದಲ ಪ್ರಶ್ನೆಗೆ ಬಹುಪಾಲು ಪ್ರಕರಣಗಳಲ್ಲಿ ಇಂದಿಗೂ ಉತ್ತರವಿಲ್ಲ. ಕೊಲೆಗಾರರ ಹೆಸರು, ಅವರ ತಂದೆ ತಾತಂದಿರ ಹೆಸರು, ಅವರ ಊರು, ಅವರಾಡುತ್ತಿದ್ದ ಗುಟ್ಟಿನ ಮಾತುಗಳ ಕೋಶ, ಕೊನೆಗೆ ಅವರಲ್ಲಿ ಕೆಲವರ ತಲೆಬುರುಡೆಗಳು ಸಹ ಸರ್ಕಾರದ ದಫ್ತರಗಳಲ್ಲಿಯೂ ವಿದ್ಯಾಸಂಸ್ಥೆಗಳಲ್ಲಿಯೂ ಉಳಿದುಕೊಂಡಿವೆ; ಸತ್ತವರ ವಿಷಯದಲ್ಲಿ ಉಳಿದಿರುವುದು ಇಬ್ಬರು ಸಿಪಾಯಿಗಳು, ಒಬ್ಬ ಸಾಹುಕಾರನ ಆಳು, ತೀರ್ಥಯಾತ್ರೆಗೆ ಹೊರಟ ಒಂದು ಕುಟುಂಬ ಎಂಬಂಥ ಒಂದೊಂದು ಸಾಲು ಮಾತ್ರ. ಈ ಕೊರತೆಯು ಅಂದಿನ ಕಾನೂನನ್ನು ಯಾವ ದಾರಿಗೆ ತಳ್ಳಿತೆಂಬುದನ್ನು ಗಮನಿಸದೆ ಠಗ್ಗರ ಕಥೆಯನ್ನು ಹೇಳಿದರೆ ಅದು ಅರ್ಧ ಕಥೆಯಾಗುತ್ತದೆ.

ಠಗ್ಗರೆಂದರೆ ದಾರಿಹೋಕರ ಜೊತೆ ಸ್ನೇಹ ಬೆಳೆಸಿ, ನಂಬಿಕೆ ಗಳಿಸಿ, ನಿರ್ಜನ ಸ್ಥಳದಲ್ಲಿ ಅವರ ಕುತ್ತಿಗೆಗೆ ಬಟ್ಟೆ ಬಿಗಿದು ಕೊಂದು, ಹೆಣಗಳನ್ನು ಹೂತು, ಗಂಟುಮೂಟೆಗಳನ್ನು ಹಂಚಿಕೊಳ್ಳುತ್ತಿದ್ದ ತಂಡಗಳವರು. ಬಹಿರಂಗವಾಗಿ ಆಯುಧ ಹಿಡಿದು ದರೋಡೆ ಮಾಡುವವರಿಗೂ ಇವರಿಗೂ ಇದ್ದ ವ್ಯತ್ಯಾಸ ಮುಖ್ಯವಾದುದು: ದರೋಡೆಕೋರನು ಸಾಕ್ಷಿಗಳನ್ನು ಬಿಟ್ಟುಹೋಗುತ್ತಾನೆ, ಠಗ್ಗನು ಒಬ್ಬನನ್ನೂ ಬಿಡುವುದಿಲ್ಲ. ಮಳೆಗಾಲದಲ್ಲಿ ಊರಲ್ಲಿ ಬೇಸಾಯ ಮಾಡಿಕೊಂಡಿದ್ದು, ಮಳೆ ನಿಂತು ದಾರಿಗಳು ತೆರೆದ ಮೇಲೆ ವ್ಯಾಪಾರಿಗಳ, ಸಿಪಾಯಿಗಳ ಅಥವಾ ಯಾತ್ರಿಕರ ವೇಷದಲ್ಲಿ ಹೊರಡುತ್ತಿದ್ದ ಇವರಲ್ಲಿ ಕೆಲಸಗಳು ಮೊದಲೇ ಹಂಚಿಹೋಗಿರುತ್ತಿದ್ದವು. ಸಿಹಿಮಾತಿನಿಂದ ಪ್ರಯಾಣಿಕರನ್ನು ಒಲಿಸಿಕೊಳ್ಳುವವನು ಸೋಥಾ, ಕುತ್ತಿಗೆ ಬಿಗಿಯುವವನು ಭುರ್ಟೋಟ್, ಗುಂಡಿ ತೋಡುವವನು ಲುಘಾ; ತೋಪು, ಹಳ್ಳದ ದಂಡೆ ಮುಂತಾದ ಆಯ್ದ ಕೊಲೆಸ್ಥಳವನ್ನು ಅವರು ಬೀಲ್ ಎನ್ನುತ್ತಿದ್ದರು. ಎಷ್ಟೋ ದಿನ ಜೊತೆಗೆ ನಡೆದು, ಜೊತೆಗೆ ಉಂಡು, ಕಳ್ಳರ ಭಯವಿರುವ ದಾರಿಯಲ್ಲಿ ದೊಡ್ಡ ಗುಂಪಾಗಿ ಹೋಗುವುದೇ ಕ್ಷೇಮವೆಂದು ಪ್ರಯಾಣಿಕರಿಗೆ ಬುದ್ಧಿ ಹೇಳಿದವರೇ, ತಂಬಾಕು ತರಲು ಹೇಳುವಂಥ ಯಾವುದೋ ಸಾಮಾನ್ಯ ಮಾತನ್ನು ಸನ್ನೆಯಾಗಿಸಿಕೊಂಡು ಒಟ್ಟಿಗೆ ಎರಗುತ್ತಿದ್ದರು. ನಂಬಿದ ಜೊತೆಗಾರನಿಂದಲೇ ಸಾವು ಬರುತ್ತಿತ್ತೆಂಬ ಸಂಗತಿಯು ಈ ಅಪರಾಧವನ್ನು ಬೇರೆಲ್ಲ ಅಪರಾಧಗಳಿಗಿಂತ ಹೇಯವಾಗಿಸುತ್ತದೆ.

ಇಷ್ಟು ಕೊಲೆಗಳು ಇಷ್ಟು ಕಾಲ ಬಯಲಿಗೆ ಬಾರದೆ ಉಳಿದುದಕ್ಕೆ ಅಂದಿನ ಪ್ರಯಾಣದ ಸ್ವರೂಪವೇ ಮುಖ್ಯ ಕಾರಣ. ರಜೆಯ ಮೇಲೆ ಊರಿಗೆ ಹೊರಟ ಸಿಪಾಯಿಯು ನೂರಾರು ಮೈಲಿ ಕಾಲ್ನಡಿಗೆಯಲ್ಲಿ ಸಾಗಬೇಕಾಗಿದ್ದುದರಿಂದ ಅವನು ಬರಲಿಲ್ಲವೆಂದು ಮನೆಯವರು ಚಿಂತಿಸುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತಿದ್ದವು. ಅವನು ಮರಳಿ ಬರಲಿಲ್ಲವೆಂದರೆ ಓಡಿಹೋದನೆಂದು ಪಲ್ಟಣದವರು ಭಾವಿಸುತ್ತಿದ್ದರು. ಕೊಲೆಯಾದ ಊರಿನವರಿಗೆ ಸತ್ತವನು ಅಪರಿಚಿತ, ಸತ್ತವನ ಊರಿನವರಿಗೆ ಕೊಲೆಯಾದ ಸ್ಥಳವೇ ಅಪರಿಚಿತ. ದಾರಿಯು ಒಂದು ಸಂಸ್ಥಾನದಿಂದ ಇನ್ನೊಂದಕ್ಕೆ ದಾಟುತ್ತಲೇ ಇದ್ದುದರಿಂದ ಯಾವ ಅಧಿಕಾರಿಗೂ ಪೂರ್ಣ ಹೊಣೆಯಿರಲಿಲ್ಲ. ಜೊತೆಗೆ ಠಗ್ಗರಿಂದ ಪಾಲು ಪಡೆದು ಅವರಿಗೆ ಆಶ್ರಯ ನೀಡುತ್ತಿದ್ದ ಜಮೀನುದಾರರೂ ಪಾಳೆಯಗಾರರೂ ಇದ್ದರು. ಮಾಲ್ವದ ಅಫೀಮು ವ್ಯಾಪಾರ ಬೆಳೆದು, ಸಾಹುಕಾರರು ನಗದನ್ನೂ ಬೆಳ್ಳಿಬಂಗಾರವನ್ನೂ ಬಡವರ ವೇಷದ ಆಳುಗಳ ಕೈಯಲ್ಲಿ ದೂರದ ಪಟ್ಟಣಗಳಿಗೆ ಕಳುಹಿಸತೊಡಗಿದ ಮೇಲೆ ಈ ಕೊಲೆಗಳ ಲಾಭವೂ ಹೆಚ್ಚಿತು.

ದಾರಿಯಲ್ಲಿ ಕುತ್ತಿಗೆ ಬಿಗಿದು ಕೊಲ್ಲುವ ಪದ್ಧತಿ ಹಳೆಯದೇ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಜಲಾಲುದ್ದೀನ್ ಖಿಲ್ಜಿಯು ಸುಮಾರು ಸಾವಿರ ಠಗ್ಗರನ್ನು ಹಿಡಿಸಿ, ಕೊಲ್ಲದೆ ದೋಣಿಗಳಲ್ಲಿ ಬಂಗಾಳದ ಕಡೆಗೆ ಸಾಗಿಸಿದನೆಂದು ಇತಿಹಾಸಕಾರ ಜಿಯಾವುದ್ದೀನ್ ಬರನಿ ದಾಖಲಿಸಿದ್ದಾನೆ. ಹದಿನೇಳನೆಯ ಶತಮಾನದ ಫ್ರೆಂಚ್ ಪ್ರವಾಸಿ ಥೆವೆನೊ ದೆಹಲಿ ಮತ್ತು ಆಗ್ರಾ ನಡುವಣ ದಾರಿಯ ಉರುಳುಗಳ್ಳರನ್ನು ಕುರಿತು ಬರೆದಿದ್ದಾನೆ. ಆದರೆ ಇವರೆಲ್ಲರೂ ಒಂದೇ ಪರಂಪರೆಗೆ ಸೇರಿದವರೆಂದು ಹೇಳಲು ಆಧಾರವಿಲ್ಲ.

ಕನ್ನಡ ನಾಡಿಗೂ ಈ ಚರಿತ್ರೆಯಲ್ಲಿ ನೇರವಾದ ಪಾಲಿದೆ. ದಕ್ಷಿಣದಲ್ಲಿ ಇವರಿಗಿದ್ದ ಹೆಸರು ಫಾಂಸಿಗಾರರು, ಅಂದರೆ ಉರುಳು ಹಾಕುವವರು. ಕನ್ನಡದಲ್ಲಿ ತಂತಿ ಕಳ್ಳರು ಎಂಬ ಹೆಸರಿತ್ತೆಂದು ಮದರಾಸು ಸೇನೆಯ ವೈದ್ಯ ರಿಚರ್ಡ್ ಶೇರ್ವುಡ್ 1816ರಲ್ಲಿ ಪ್ರಕಟವಾದ ಲೇಖನದಲ್ಲಿ ತಿಳಿಸಿದ್ದಾನೆ. ಹೈದರಾಲಿಯು ಇವರಲ್ಲಿ ಹಲವರನ್ನು ವಿಚಾರಣೆಯ ವಿಳಂಬವಿಲ್ಲದೆ ಮುಗಿಸಿದನೆಂದೂ, ಟಿಪ್ಪುವಿನ ಕಾಲದಲ್ಲಿ ಕೆಲವರಿಗೆ ಕಠಿಣ ದುಡಿಮೆಯ, ಕೆಲವರಿಗೆ ಅಂಗಚ್ಛೇದದ ಶಿಕ್ಷೆಯಾಯಿತೆಂದೂ ಅವನ ಬರವಣಿಗೆಯಿಂದ ತಿಳಿಯುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಬೆಂಗಳೂರಿನ ಸುತ್ತಮುತ್ತ ಸುಮಾರು ನೂರು ಮಂದಿ ಸಿಕ್ಕಿಬಿದ್ದರೂ ಅವರನ್ನು ಸಾಧಾರಣ ಕಳ್ಳರೆಂದೇ ಭಾವಿಸಲಾಯಿತು. 1807ರಲ್ಲಿ ಚಿತ್ತೂರು ಮತ್ತು ಆರ್ಕಾಟಿನ ನಡುವೆ, ತಿರುವಾಂಕೂರಿನ ಕಡೆಯಿಂದ ಲೂಟಿಯ ಸಮೇತ ಮರಳುತ್ತಿದ್ದ ಒಂದು ತಂಡ ಸೆರೆಯಾದಾಗಲೇ ಈ ಕೊಲೆಗಳ ಕ್ರಮ ಮತ್ತು ಸಂಘಟನೆ ಕಂಪನಿ ಸರ್ಕಾರಕ್ಕೆ ಸ್ಪಷ್ಟವಾದದ್ದು. ಜಬಲ್‌ಪುರದ ಅಧಿಕಾರಿಯಾಗಿ ಮುಂದೆ ಠಗ್ಗರನ್ನು ಅಡಗಿಸಿದ ಸ್ಲೀಮನ್ನನ ಹೆಸರು ಕೇಳಿಬರುವುದಕ್ಕೆ ಎರಡು ದಶಕಗಳ ಮೊದಲೇ ದಕ್ಷಿಣದ ಅಧಿಕಾರಿಗಳು ಈ ಅಪರಾಧವನ್ನು ಗುರುತಿಸಿದ್ದರೆಂಬ ಸಂಗತಿಯು ಜನಪ್ರಿಯ ಕಥನಗಳಲ್ಲಿ ಮರೆಯಾಗಿರುವುದು ಅನ್ಯಾಯವೇ ಸರಿ.

ಉತ್ತರದಲ್ಲಿ ಇಟಾವಾ ಜಿಲ್ಲೆಯ ಬಾವಿಗಳಲ್ಲಿ ಗುರುತು ಸಿಗದ ಹೆಣಗಳು ಮೇಲಿಂದ ಮೇಲೆ ದೊರೆಯತೊಡಗಿದಾಗ, ಅಲ್ಲಿನ ಮ್ಯಾಜಿಸ್ಟ್ರೇಟ್ ಥಾಮಸ್ ಪೆರಿ ಕೊಲೆಗಾರರನ್ನು ಹಿಡಿದುಕೊಟ್ಟವರಿಗೆ ಬಹುಮಾನ ಸಾರಿದನು. 1810ರಲ್ಲಿ ಸೆರೆಸಿಕ್ಕ ಒಬ್ಬ ಹುಡುಗನು ಕೊಲೆಗಳನ್ನು ವಿವರಿಸಿ ಹೇಳಿಕೆ ಕೊಟ್ಟನಾದರೂ, ಹೇಳಿಕೆಗಳು ಒಂದಕ್ಕೊಂದು ಹೊಂದದೆ, ಸತ್ತವರ ಗುರುತೂ ಹತ್ತದೆ, ದೂರುದಾರರೂ ಇಲ್ಲದೆ, ಮೇಲಿನ ನ್ಯಾಯಾಲಯದಲ್ಲಿ ಪ್ರಕರಣ ನಿಲ್ಲಲಿಲ್ಲ. ಅದೇ ವರ್ಷ ಮೇಜರ್ ಜನರಲ್ ಸೇಂಟ್ ಲೆಜರ್ ಸಿಪಾಯಿಗಳಿಗೆ ಆಜ್ಞೆ ಹೊರಡಿಸಿ, ದಾರಿಯಲ್ಲಿ ಗಂಟುಬೀಳುವ ಅಪರಿಚಿತರ ಜೊತೆ ಹೋಗಬಾರದೆಂದು ಎಚ್ಚರಿಸಿದನು. ಸರ್ಕಾರಕ್ಕೆ ಕೊಲೆ ನಡೆಯುತ್ತಿರುವುದು ತಿಳಿದಿತ್ತು, ಆದರೆ ಇಂಥವನು ಇಂಥವನನ್ನು ಕೊಂದನೆಂದು ನ್ಯಾಯಾಲಯದ ಮುಂದೆ ತೋರಿಸುವುದು ಅದಕ್ಕೆ ಸಾಧ್ಯವಿರಲಿಲ್ಲ.

ಈ ಕಗ್ಗಂಟನ್ನು ಬಿಡಿಸಿದವನು, ಅಥವಾ ಕತ್ತರಿಸಿಹಾಕಿದವನು, ವಿಲಿಯಂ ಹೆನ್ರಿ ಸ್ಲೀಮನ್. ಮರಾಠರಿಂದ 1818ರಲ್ಲಿ ಕಂಪನಿಯ ವಶವಾದ ಸಾಗರ ಮತ್ತು ನರ್ಮದಾ ಪ್ರಾಂತ್ಯದಲ್ಲಿ ಬಂಗಾಳದ ಕಾನೂನುಗಳು ಪೂರ್ಣವಾಗಿ ಅನ್ವಯವಾಗುತ್ತಿರಲಿಲ್ಲವಾದ್ದರಿಂದ ಅಲ್ಲಿ ಸಾಕ್ಷ್ಯದ ನಿಯಮಗಳು ಸಡಿಲವಾಗಿದ್ದವು. ಸ್ಲೀಮನ್ನನೂ ಗವರ್ನರ್ ಜನರಲ್ಲನ ಪ್ರತಿನಿಧಿಯಾಗಿದ್ದ ಕರ್ವೆನ್ ಸ್ಮಿತ್ತನೂ ಈ ಅವಕಾಶವನ್ನು ಬಳಸಿಕೊಂಡು ಮಾಫಿ ಸಾಕ್ಷಿಗಳ ವ್ಯವಸ್ಥೆಯನ್ನು ಕಟ್ಟಿದರು. ಮಾಫಿ ಸಾಕ್ಷಿಯೆಂದರೆ ತನ್ನ ತಪ್ಪೊಪ್ಪಿ, ಜೊತೆಗಾರರ ವಿರುದ್ಧ ಸಾಕ್ಷಿ ನುಡಿದು, ಅದಕ್ಕೆ ಪ್ರತಿಯಾಗಿ ಗಲ್ಲಿನಿಂದ ಪಾರಾಗುವ ಅಪರಾಧಿ. 1830ರ ಸುಮಾರಿಗೆ ಕೈಸೆರೆಯಾದ ಫಿರಂಗಿಯಾ ಎಂಬ ತಂಡದ ನಾಯಕನು ಸಲೋಹದಾ ಎಂಬಲ್ಲಿನ ಮಾವಿನ ತೋಪಿನಲ್ಲಿ ತಾನು ಹೇಳಿದ ಜಾಗಗಳನ್ನೇ ಅಗೆಸಿ ಹೆಣಗಳನ್ನು ತೋರಿಸಿದಾಗ, ಇಂಥವರ ಮಾತು ಬರಿಯ ಕಟ್ಟುಕಥೆಯಲ್ಲವೆಂಬುದು ಖಚಿತವಾಯಿತು. ಸಾಕ್ಷಿಗಳನ್ನು ಬೇರೆಬೇರೆಯಾಗಿಟ್ಟು, ಒಬ್ಬನ ಹೇಳಿಕೆಯನ್ನು ಇನ್ನೊಬ್ಬನದರೊಡನೆ ತಾಳೆ ನೋಡಿ, ತಂಡಗಳ ವಂಶವೃಕ್ಷಗಳನ್ನು ಬರೆದು, ಕೊಲೆಸ್ಥಳಗಳ ನಕ್ಷೆಗಳನ್ನು ತಯಾರಿಸಿದ ಈ ಕ್ರಮವು ಅಂದಿನ ಕಾಲಕ್ಕೆ ಅಸಾಮಾನ್ಯವಾದ ಶ್ರಮದ ಫಲ. ಅವಧ್ ರಾಜ್ಯದ ಸುಮಾರು 1,400 ಮೈಲಿ ದಾರಿಯಲ್ಲಿ 274 ಬೀಲುಗಳನ್ನು ಗುರುತಿಸಲಾಯಿತು, ಅಂದರೆ ಸರಾಸರಿ ಐದು ಮೈಲಿಗೊಂದು ಕೊಲೆಸ್ಥಳ. ನರಸಿಂಗಪುರ ಜಿಲ್ಲೆಯ ಆಡಳಿತ ತನ್ನ ಕೈಯಲ್ಲಿದ್ದಾಗ ಅಲ್ಲಿನ ಪ್ರತಿಯೊಂದು ಅಪರಾಧವೂ ತನಗೆ ತಿಳಿದಿದೆಯೆಂದು ನಂಬಿದ್ದ ಸ್ಲೀಮನ್ನನಿಗೆ, ತನ್ನ ಕಚೇರಿಯಿಂದ ನಾನೂರು ಗಜ ದೂರದ ಕಂದೇಲಿ ಗ್ರಾಮದಲ್ಲಿಯೇ ಠಗ್ಗರ ತಂಡವೊಂದು ವಾಸವಾಗಿತ್ತೆಂಬುದು ವರ್ಷಗಳ ಬಳಿಕ ತಿಳಿಯಿತು. ಇದನ್ನು ಅವನು ಮರೆಮಾಚದೆ ಬರೆದಿಟ್ಟಿದ್ದಾನೆ.

ಆದರೆ ತಾಳೆ ನೋಡುವುದೆಂದರೆ ಒಬ್ಬ ಅಪರಾಧಿಯ ಮಾತನ್ನು ಇನ್ನೊಬ್ಬ ಅಪರಾಧಿಯ ಮಾತಿನಿಂದ ಅಳೆಯುವುದೇ ಆಗಿತ್ತು. ಇಬ್ಬರಿಗೂ ಬದುಕುವ ಆಸೆಯಿತ್ತು, ಹಳೆಯ ವೈಷಮ್ಯಗಳಿದ್ದವು, ವಿಚಾರಿಸುವವನಿಗೆ ಏನು ಬೇಕೆಂಬ ಅರಿವೂ ಇತ್ತು. ಹತ್ತಾರು ವರ್ಷಗಳ ಹಿಂದಿನ, ಹೆಣವೂ ಸಿಗದ ಕೊಲೆಯೊಂದರಲ್ಲಿ ನಿರ್ದಿಷ್ಟ ವ್ಯಕ್ತಿಯ ಕೈವಾಡವನ್ನು ರುಜುವಾತುಪಡಿಸುವುದು ಇಷ್ಟಾದರೂ ಕಷ್ಟವಾಗಿಯೇ ಉಳಿದುದರಿಂದ, 1836ರ 30ನೆಯ ಕಾಯ್ದೆಯು ಬೇರೆಯೇ ದಾರಿ ಹಿಡಿಯಿತು. ಕಾಯ್ದೆ ಬರುವ ಮೊದಲಾಗಲಿ ಅನಂತರವಾಗಲಿ ಠಗ್ಗರ ತಂಡಕ್ಕೆ ಸೇರಿದವನೆಂದು ಸಾಬೀತಾದರೆ ಸಾಕು, ಅವನಿಗೆ ಕಠಿಣ ದುಡಿಮೆಯ ಜೀವಾವಧಿ ಸೆರೆ ಎಂದು ಅದು ವಿಧಿಸಿತು. ಅಲ್ಲಿಂದ ಮುಂದೆ ಯಾರನ್ನು ಕೊಂದೆ ಎಂಬ ಪ್ರಶ್ನೆ ಹಿಂದೆ ಸರಿದು, ನೀನು ಯಾರು ಎಂಬ ಪ್ರಶ್ನೆ ಮುಂದೆ ಬಂತು. ಮರುವರ್ಷ ಬಂದ ಇನ್ನೊಂದು ಕಾಯ್ದೆಯು ಶಿಕ್ಷೆಗೊಳಗಾದವನೂ ಸಾಕ್ಷಿ ನುಡಿಯಬಹುದೆಂದು ಸ್ಪಷ್ಟಪಡಿಸಿತು. 1840ರವರೆಗೆ ವಿಚಾರಣೆಗೊಳಗಾದ 3,689 ಮಂದಿಯಲ್ಲಿ 466 ಮಂದಿ ಗಲ್ಲಿಗೇರಿದರು, 1,504 ಮಂದಿ ಕಡಲಾಚೆಯ ಕರಿನೀರ ಶಿಕ್ಷೆಗೆ ಹೋದರು, 933 ಮಂದಿ ಜೀವಾವಧಿ ಸೆರೆಗೆ ಸಂದರು. ಇವರಲ್ಲಿ ನಿರಪರಾಧಿಗಳು ಎಷ್ಟು ಮಂದಿ ಇದ್ದಿರಬಹುದೆಂದು ತೂಗಿ ನೋಡುವ ವ್ಯವಸ್ಥೆಯನ್ನು ಆ ಕಾನೂನು ಉಳಿಸಿರಲಿಲ್ಲ.

ಠಗ್ಗರು ಕಾಳಿಗೆ ನರಬಲಿ ಕೊಡಲೆಂದು ಕೊಲ್ಲುತ್ತಿದ್ದ ಗುಪ್ತ ಪಂಥದವರೆಂಬ ಚಿತ್ರವು ಸ್ಲೀಮನ್ನನ ಬರಹಗಳಿಂದ ಹೊರಟು ಕಾದಂಬರಿ ಮತ್ತು ಚಲನಚಿತ್ರಗಳವರೆಗೆ ಬೆಳೆದಿದೆ. ದಾಖಲೆಗಳು ಇದನ್ನು ಪೂರ್ತಿಯಾಗಿ ಬೆಂಬಲಿಸುವುದಿಲ್ಲ. ಅವರಲ್ಲಿ ಶಕುನಗಳ ನಂಬಿಕೆ, ಗುದ್ದಲಿಯ ಪೂಜೆ, ದೇವಿಯ ಹರಕೆ ಇದ್ದುದು ನಿಜ. ಆದರೆ ಅವರಲ್ಲಿ ಮುಸಲ್ಮಾನರೂ ದೊಡ್ಡ ಸಂಖ್ಯೆಯಲ್ಲಿದ್ದರು, ಮತ್ತು ಕೊಲೆಯ ಉದ್ದೇಶ ಹಣವೇ ಆಗಿತ್ತೆಂಬುದು ಅವರ ಹೇಳಿಕೆಗಳ ಉದ್ದಕ್ಕೂ ಕಾಣುತ್ತದೆ. ಸ್ಟೂವರ್ಟ್ ಗೋರ್ಡನ್, ರಾಧಿಕಾ ಸಿಂಘಾ, ಕಿಮ್ ವ್ಯಾಗ್ನರ್ ಮೊದಲಾದ ಇತಿಹಾಸಕಾರರು ಈ ಕೊಲೆಗಳನ್ನು ರಾಜ್ಯಗಳ ಕುಸಿತ, ಕೆಲಸ ಕಳೆದುಕೊಂಡ ಸೈನಿಕರು, ಸ್ಥಳೀಯ ಒಡೆಯರ ಪಾಲುದಾರಿಕೆ ಮತ್ತು ವಸಾಹತು ಆಡಳಿತದ ಕಾನೂನು ರಚನೆಯ ಹಿನ್ನೆಲೆಯಲ್ಲಿ ಮರುಪರಿಶೀಲಿಸಿದ್ದಾರೆ. ಠಗ್ಗರೇ ಇರಲಿಲ್ಲ, ಅದೆಲ್ಲ ಬ್ರಿಟಿಷರ ಕಲ್ಪನೆ ಎಂಬ ಮತ್ತೊಂದು ತುದಿಯ ವಾದವು ಮಾತ್ರ ಅಗೆದಾಗ ಸಿಕ್ಕ ಎಲುಬುಗಳ ಮುಂದೆ ನಿಲ್ಲುವುದಿಲ್ಲ. ಬಹರಾಮ್ ಎಂಬವನು 931 ಮಂದಿಯನ್ನು ಕೊಂದನೆಂದು ದಾಖಲೆ ಪುಸ್ತಕಗಳಲ್ಲಿ ಮತ್ತೆ ಮತ್ತೆ ಮುದ್ರಣವಾಗುವ ಸಂಖ್ಯೆಯನ್ನೂ ಎಚ್ಚರದಿಂದ ನೋಡಬೇಕು. ಅದು ಅವನು ಪಾಲ್ಗೊಂಡ ತಂಡಗಳು ಮಾಡಿದ ಕೊಲೆಗಳ ಲೆಕ್ಕವೇ ಹೊರತು ಅವನೊಬ್ಬನ ಕೈಯಿಂದಾದ ಕೊಲೆಗಳದ್ದಲ್ಲ.

ಈ ಕಥೆಯನ್ನು ಜಗತ್ತಿಗೆ ಹರಡಿದ ಫಿಲಿಪ್ ಮೆಡೋಸ್ ಟೇಲರ್ ಹೈದರಾಬಾದ್ ನಿಜಾಮನ ಸೇವೆಯಲ್ಲಿದ್ದು ಠಗ್ಗರ ಹೇಳಿಕೆಗಳನ್ನು ತಾನೇ ಬರೆದುಕೊಂಡವನು. 1839ರಲ್ಲಿ ಪ್ರಕಟವಾದ ಅವನ ಇಂಗ್ಲಿಷ್ ಕಾದಂಬರಿಯಲ್ಲಿ ಅಮೀರ್ ಅಲಿ ಎಂಬ ಪಾತ್ರವು 719 ಕೊಲೆಗಳನ್ನು ಒಪ್ಪಿಕೊಳ್ಳುತ್ತದೆ. ಮುಂದೆ ಬಾಲಕ ರಾಜ ವೆಂಕಟಪ್ಪ ನಾಯಕನ ಪರವಾಗಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಟೇಲರನ ನೆನಪು, ಇಂದಿನ ಯಾದಗಿರಿ ಜಿಲ್ಲೆಯಲ್ಲಿರುವ ಸುರಪುರದ ಟೇಲರ್ ಮಂಜಿಲ್ ಎಂಬ ಬಂಗಲೆಯ ಹೆಸರಲ್ಲಿ ಉಳಿದಿದೆ. ಅವನ ಕಾದಂಬರಿಯಲ್ಲಿ ಮಾತಾಡುವವನು ಕೊಲೆಗಾರನೇ. ಸಾಗರದಲ್ಲಿ ಗಲ್ಲಿಗೇರಿದ ಏಳು ಮಂದಿಯ ತಲೆಗಳನ್ನು ಹೆನ್ರಿ ಸ್ಪ್ರೈ ಎಂಬ ವೈದ್ಯನು 1830ರ ದಶಕದಲ್ಲಿ ಎಡಿನ್‌ಬರೋದ ಕಪಾಲಶಾಸ್ತ್ರಿಗಳಿಗೆ, ಎಂದರೆ ಬುರುಡೆಯ ಉಬ್ಬುತಗ್ಗುಗಳಿಂದ ಸ್ವಭಾವವನ್ನು ಅಳೆಯಬಹುದೆಂದು ನಂಬಿದ್ದವರಿಗೆ, ಕಳುಹಿಸಿದನು. ಪ್ರತಿಯೊಂದು ಬುರುಡೆಯ ಜೊತೆಗೂ ಹೆಸರಿತ್ತು. ಅವರ ಕೈಯಲ್ಲಿ ಸತ್ತವರಿಗೆ ಆ ಗೌರವ ದೊರೆಯಲಿಲ್ಲ.

ಠಗ್ಗರಿಗಾಗಿ ರೂಪುಗೊಂಡ ತರ್ಕ ಠಗ್ಗರ ಜೊತೆಗೆ ಮುಗಿಯಲಿಲ್ಲ. ಅವರ ನಿರ್ಮೂಲನಕ್ಕೆಂದು ಆರಂಭವಾದ ಇಲಾಖೆಯು ಡಕಾಯಿತಿಯನ್ನೂ ಸೇರಿಸಿಕೊಂಡು ಬೆಳೆದು, 1904ರಲ್ಲಿ ಕೇಂದ್ರ ಗುಪ್ತಚರ ಇಲಾಖೆಗೆ ದಾರಿಮಾಡಿಕೊಟ್ಟಿತು. ವ್ಯಕ್ತಿಯು ಮಾಡಿದ ಕೃತ್ಯಕ್ಕಿಂತ ಅವನು ಸೇರಿದ ಗುಂಪೇ ಅಪರಾಧದ ಪುರಾವೆಯೆಂಬ ಭಾವನೆಯು 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಲ್ಲಿ ಇಡೀ ಸಮುದಾಯಗಳಿಗೆ ಅನ್ವಯವಾಯಿತು. ಹುಟ್ಟಿದ ಮಗುವೂ ಅಪರಾಧಿಗಳ ಪಟ್ಟಿಯ ನೆರಳಿಗೆ ಬಂತು. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಹುಬ್ಬಳ್ಳಿಯಲ್ಲಿ ಇಂಥ ಸಮುದಾಯಗಳನ್ನು ಕಾವಲಿನಲ್ಲಿರಿಸಿ ದುಡಿಸಿದ ವಸಾಹತಿನ ಜಾಗವನ್ನು ಊರಿನವರು ಇಂದಿಗೂ ಸೆಟ್ಲ್‌ಮೆಂಟ್ ಎಂದೇ ಕರೆಯುತ್ತಾರೆ. ಸ್ವತಂತ್ರ ಭಾರತವು 1952ರಲ್ಲಿ ಆ ಕಾಯ್ದೆಯನ್ನು ರದ್ದುಗೊಳಿಸಿ ಪಟ್ಟಿಯಲ್ಲಿದ್ದವರನ್ನು ವಿಮುಕ್ತ ಬುಡಕಟ್ಟುಗಳೆಂದು ಕರೆಯಿತಾದರೂ, ಹಲವು ರಾಜ್ಯಗಳು ಅದರ ಸ್ಥಾನದಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆಗಳನ್ನು ತಂದವು, ಮತ್ತು ಊರಲ್ಲಿ ಕಳ್ಳತನವಾದಾಗ ಪೊಲೀಸರು ಮೊದಲು ಈ ಸಮುದಾಯಗಳ ಕೇರಿಗಳ ಕಡೆಗೇ ಹೊರಡುವ ಅಭ್ಯಾಸ ಬಹಳ ಕಾಲ ಮುಂದುವರಿಯಿತು.