ಹೋದ ಚೆಂಡು ಹೋಯಿತು

ಟೆನಿಸ್ ಎಂದರೆ ದೊಡ್ಡ ಊರಿನವರ ಆಟ, ಅದರ ಗೊಡವೆ ನಮಗೇಕೆ ಎಂದೇ ನಾನು ತಿಳಿದಿದ್ದೆ. ನನ್ನ ತಿಳಿವಳಿಕೆ ತಿದ್ದಿದ್ದು 2024ರ ಜನವರಿ 27ರ ಶನಿವಾರ. ಕುಪ್ಪಗಡ್ಡೆಯ ನಮ್ಮ ಮನೆ ಜಗಲಿಯಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತಿದ್ದೆ. ಒಳಗಿಂದ ಮಗ ಕೂಗಿದ: "ಅಮ್ಮಾ, ಬೇಗ ಬಾ. ನಮ್ಮ ಕೊಡಗಿನವರು ಫೈನಲ್ ಆಡ್ತಿದಾರೆ!"

ಹಿಂದಿನ ವರ್ಷ ಪಿಯುಸಿ ಗಣಿತದಲ್ಲಿ ಫೇಲಾದ ಹುಡುಗ ಅವನು. ಮಾರ್ಚಿಗೆ ಮತ್ತೆ ಕೂರಬೇಕಿತ್ತು. ಆರೇಳು ತಿಂಗಳಿಂದ ಕೇಳಿದ್ದಕ್ಕೆ "ಹೂಂ", "ಊಹೂಂ" ಬಿಟ್ಟರೆ ಮಾತಿಲ್ಲ. ಅವನಾಗಿ ಕರೆದನಲ್ಲ ಎಂದು ಕೆಲಸ ಬಿಟ್ಟು ಎದ್ದೆ.

ಮೆಲ್ಬರ್ನಿನಲ್ಲಿ ಆಡುತ್ತಿದ್ದವರು ಕೊಡಗಿನಲ್ಲಿ ಬೆಳೆದ ರೋಹನ್ ಬೋಪಣ್ಣ. ವಯಸ್ಸೋ, 43! ಜೊತೆಗಾರ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್, ಎದುರಿಗೆ ಇಟಲಿಯ ಇಬ್ಬರು. ಮೊದಲ ಸೆಟ್ಟಿನಲ್ಲಿ ಆರಕ್ಕೆ ಆರು ಸಮ. ಹಾಗಾದಾಗ ಟೈಬ್ರೇಕ್ ಅಂತೆ, ಅಂದರೆ ಎರಡು ಅಂಕದ ಅಂತರವಿಟ್ಟು ಮೊದಲು ಏಳು ಅಂಕ ಮುಟ್ಟಿದವರಿಗೆ ಸೆಟ್ಟು. ಅಲ್ಲಿಯವರೆಗೆ ತಕ್ಕಡಿಯಂತೆ ತೂಗುತ್ತಿದ್ದ ಆಟದಲ್ಲಿ ಆ ಏಳೂ ಅಂಕ ನಮ್ಮವರಿಗೇ ಬಂತು, ಎದುರಾಳಿಗೆ ಸೊನ್ನೆ! ಎರಡನೆಯ ಸೆಟ್ಟು 7-5. ಗ್ರ್ಯಾಂಡ್‌ಸ್ಲಾಮ್ ಪುರುಷರ ಜೋಡಿ ಆಟದಲ್ಲಿ, 1968ರಿಂದೀಚೆಗೆ, ಇಷ್ಟು ವಯಸ್ಸಿನಲ್ಲಿ ಅದುವರೆಗೆ ಯಾರೂ ಗೆದ್ದಿರಲಿಲ್ಲ. ಮುಂದಿನ ಸೋಮವಾರ ಅವರು ಜೋಡಿ ಆಟದ ವಿಶ್ವದ ನಂಬರ್ ಒಂದು ಆದರು.

ಕಪ್ಪು ಹಿಡಿದು ಅವರು ಆಡಿದ ಮಾತು ಮಾತ್ರ ನನ್ನನ್ನು ಅಲ್ಲೇ ಕೂರಿಸಿಬಿಟ್ಟಿತು. ಒಂದೆರಡು ವರ್ಷದ ಹಿಂದೆ ಐದು ತಿಂಗಳು ಒಂದೂ ಪಂದ್ಯ ಗೆಲ್ಲದೆ, ಇನ್ನು ಆಟ ಬಿಡುತ್ತೇನೆಂದು ಹೆಂಡತಿಗೆ ವಿಡಿಯೋ ಮಾಡಿ ಕಳಿಸಿದ್ದರಂತೆ. ಐದು ತಿಂಗಳು! ಮೊಣಕಾಲಿನ ಮೃದ್ವಸ್ಥಿ ಸವೆದು ನೋವು ಬೇರೆ. ಅಯ್ಯಂಗಾರ್ ಯೋಗ ಹಿಡಿದ ಮೇಲೆ ಕಾಲು ಕೇಳಿತು. ಮೆಲ್ಬರ್ನಿಗೆ ನಾಲ್ಕೇ ತಿಂಗಳು ಮೊದಲು, 2023ರ ಸೆಪ್ಟೆಂಬರಿನಲ್ಲಿ, ಅಮೆರಿಕದ ಓಪನ್ ಫೈನಲ್ ಸೋತಿದ್ದರು. ಆ ಪಂದ್ಯದ ಕೊನೆಯ ಸೆಟ್ಟಿನಲ್ಲಿ ಅಂಕ ತಮ್ಮದೇ ಆಗಿದ್ದರೂ, ಚೆಂಡು ನನ್ನ ತೋಳಿಗೆ ತಾಗಿತು ಎಂದು ತಾವೇ ಹೇಳಿ ಎದುರಾಳಿಗೆ ಬಿಟ್ಟುಕೊಟ್ಟವರು. ಫೈನಲಿನಲ್ಲಿ, ಸೋಲು ಹತ್ತಿರ ಬಂದಾಗ, ಹಾಗೆ ಹೇಳಲು ಎಷ್ಟು ಗಟ್ಟಿ ಮನಸ್ಸು ಬೇಕು, ಯೋಚಿಸಿ ಅಕ್ಕಂದಿರೇ.

ಅಂದಿನಿಂದ ನನಗೂ ಈ ಹುಚ್ಚು ಹತ್ತಿತು. ಸಾರಿಗೆ ಬೇಳೆ ಬೇಯಲಿಟ್ಟು ಟೆನಿಸ್ ಸುದ್ದಿ ಓದುವ ಹೆಂಗಸಾದೆ!

ರೋಜರ್ ಫೆಡರರ್ ಹೆಸರು ನೀವೂ ಕೇಳಿರಬಹುದು. 1526 ಸಿಂಗಲ್ಸ್ ಪಂದ್ಯ ಆಡಿ ಹೆಚ್ಚುಕಡಿಮೆ ನೂರಕ್ಕೆ 80 ಗೆದ್ದವರು. ಅಂಥವರು 2024ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಮಕ್ಕಳಿಗೆ ಹೇಳಿದ ಲೆಕ್ಕ ಕೇಳಿ: ಅವರು ಗೆದ್ದ ಅಂಕಗಳು ನೂರಕ್ಕೆ 54 ಮಾತ್ರ. ಉಳಿದ 46 ಕಳೆದದ್ದೇ! ನೂರು ಅಡಿಕೆಯಲ್ಲಿ 46 ಕೆಟ್ಟರೆ ನಾವು ಆ ಕೊನೆಗೇ ಶಾಪ ಹಾಕುತ್ತೇವೆ. ಒಂದು ಅಂಕಕ್ಕೂ ಇನ್ನೊಂದಕ್ಕೂ ನಡುವೆ ಸಿಗುವುದು 25 ಸೆಕೆಂಡು. ಟವೆಲಿನಲ್ಲಿ ಮುಖ ಒರೆಸಿ, ಚೆಂಡು ನಾಲ್ಕು ಸಲ ಪುಟಿಸಿ, ಅಷ್ಟರೊಳಗೆ ಹೋದ ಚೆಂಡನ್ನು ಮರೆಯಬೇಕು.

ಮರೆಯುವುದೇನು ಸುಲಭವೇ? 2019ರ ವಿಂಬಲ್ಡನ್ ಫೈನಲಿನಲ್ಲಿ ಇದೇ ಫೆಡರರ್‌ಗೆ ಒಂದೇ ಅಂಕ ಸಾಕಿತ್ತು, ಎರಡು ಅವಕಾಶವೂ ಇತ್ತು. ಎರಡೂ ಕೈತಪ್ಪಿ, 4 ಗಂಟೆ 57 ನಿಮಿಷದ ನಂತರ ಗೆದ್ದದ್ದು ಜೊಕೊವಿಚ್. ಒಟ್ಟು ಅಂಕ ಎಣಿಸಿದರೆ ಫೆಡರರ್ 218, ಜೊಕೊವಿಚ್ 204! ಜನವೆಲ್ಲ "ರೋಜರ್, ರೋಜರ್" ಎಂದು ಕೂಗುವಾಗ ತನಗೆ ತನ್ನ ಹೆಸರು ಕೇಳಿಸಿತೆಂದು ಆ ಪುಣ್ಯಾತ್ಮ ಹೇಳಿದ. ಮನೋಬಲ ಹುಟ್ಟಿನಿಂದ ಬಂದದ್ದಲ್ಲ, ದುಡಿದು ಪಡೆದದ್ದು ಎಂದೂ ಹೇಳಿಕೊಂಡಿದ್ದಾನೆ. ಅವನಿಗೂ ಅಳುಕು ಬರುತ್ತದಂತೆ. ಬಂದರೆ ಉಸಿರಿನ ಕಡೆ ಗಮನ ಕೊಟ್ಟು, ಅದರಲ್ಲೇ ಹೆಚ್ಚು ಹೊತ್ತು ನಿಲ್ಲದೆ ಹೊರಬರುತ್ತಾನೆ.

ಎಲ್ಲರಿಗೂ ಸದಾ ಆಗುತ್ತದೆಂದು ನಾನು ಹೇಳಲಾರೆ. ಮಂಜುಗಡ್ಡೆಯಂಥ ಮನುಷ್ಯನೆಂದು ಹೆಸರಾದ ಸ್ವೀಡನ್ನಿನ ಬೋರ್ಗ್ 1980ರ ವಿಂಬಲ್ಡನ್ ಫೈನಲಿನಲ್ಲಿ ಟೈಬ್ರೇಕನ್ನು 16-18ರಲ್ಲಿ ಸೋತೂ ಐದನೆಯ ಸೆಟ್ಟಿನಲ್ಲಿ ಮೆಕೆನ್ರೋನನ್ನು ಮಣಿಸಿದವನು. ಮರುವರ್ಷ ಅದೇ ಮೆಕೆನ್ರೋ ಕೈಯಲ್ಲಿ ವಿಂಬಲ್ಡನ್ನಿನಲ್ಲೂ ಅಮೆರಿಕದಲ್ಲೂ ಫೈನಲ್ ಸೋತ. 1983ರಲ್ಲಿ 26ನೆಯ ವಯಸ್ಸಿಗೇ ನಿವೃತ್ತಿ. ಅದನ್ನು ಹೇಡಿತನ ಎನ್ನಲು ನನಗೆ ನಾಲಗೆ ಬಾರದು. ದಣಿದ ಮನಸ್ಸಿಗೂ ಒಂದು ಲೆಕ್ಕವಿರುತ್ತದೆ.

ಇಟಲಿಯ ಸಿನ್ನರ್ ಎಂಬ ಹುಡುಗನದು ಬೇರೆ ಥರ. 2025ರ ಜೂನ್ 8ರಂದು ಫ್ರೆಂಚ್ ಓಪನ್ ಫೈನಲಿನಲ್ಲಿ ಗೆಲುವಿಗೆ ಒಂದೇ ಅಂಕ, ಮೂರು ಅವಕಾಶ. ಮೂರನ್ನೂ ಸ್ಪೇನಿನ ಅಲ್ಕರಾಜ್ ಕಿತ್ತುಕೊಂಡು, ಐದೂವರೆ ಗಂಟೆಯ ಆಟ ಗೆದ್ದ. ಇವತ್ತು ರಾತ್ರಿ ನಿದ್ದೆ ಬರಲಿಕ್ಕಿಲ್ಲ ಎಂದು ಸಿನ್ನರ್ ಎಲ್ಲರೆದುರೇ ಹೇಳಿದ. 35 ದಿನ ಕಳೆದು, ಜುಲೈ 13ಕ್ಕೆ, ವಿಂಬಲ್ಡನ್ ಫೈನಲಿನಲ್ಲಿ ಅದೇ ಅಲ್ಕರಾಜ್‌ನನ್ನು ಸೋಲಿಸಿದ.

ನಮ್ಮ ಹುಡುಗನ ಕಥೆ ಏನಾಯಿತು ಎನ್ನುತ್ತೀರಾ? ಬೋಪಣ್ಣ ಗೆದ್ದ ಸಂಜೆಯೇ ಗಣಿತದ ಪುಸ್ತಕ ತೆಗೆದ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ತೆಗೆಯಲಿಲ್ಲ. ನನ್ನ ಪಕ್ಕ ಕೂತು ರಾತ್ರಿ ಹತ್ತರ ತನಕ ಅಡಿಕೆ ಸುಲಿದ, ಬಾಯ್ತುಂಬ ಮಾತಾಡಿದ. ಪುಸ್ತಕ ತೆಗೆದದ್ದು ನಾಲ್ಕು ದಿನ ಬಿಟ್ಟು. ಮಾರ್ಚಿಯಲ್ಲಿ ಪಾಸಾದ.

2025ರ ನವೆಂಬರ್ 1ರಂದು ಹಾಸ್ಟೆಲಿನಿಂದ ಫೋನು ಬಂತು. "ಅಮ್ಮಾ, ಬೋಪಣ್ಣ ಆಟ ಬಿಟ್ರಂತೆ." ವಿದಾಯದ ಮಾತನ್ನೂ ಓದಿ ಹೇಳಿದ. ಸರ್ವ್ ಮಾಡುವ ತೋಳಿಗೆ ಬಲ ಬರಲೆಂದು ಕೊಡಗಿನಲ್ಲಿ ಕಟ್ಟಿಗೆ ಒಡೆಯುತ್ತಿದ್ದರಂತೆ, ಕಾಫಿ ತೋಟದಲ್ಲಿ ಓಡುತ್ತಿದ್ದರಂತೆ.

"ಹಂಗಾದ್ರೆ ರಜಕ್ಕೆ ಬಂದಾಗ ನಮ್ಮನೆ ಕಟ್ಟಿಗೆ ಒಂದಿಷ್ಟು ಒಡ್ದು ಹೋಗು ಮಾರಾಯ" ಎಂದೆ.